ಅಟ್ಟದಿಂದ ಕಿವಿಗೆ: ಹಳೆ ಹೆಡ್‌ಫೋನ್ ಹುಡುಕಿ, ಸರಿಮಾಡಿ, ಕೇಳುವ ಬಗೆ

ಮೊದಲ ಸಲ ಒಂದು ಹಳೆ ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ಹಾಡು ಕೇಳಿ ತೆಗೆದಾಗ ಮನೆಯವರೆಲ್ಲ ನನ್ನ ಮುಖ ನೋಡಿ ನಕ್ಕರು. ಎರಡೂ ಕಿವಿಯ ಸುತ್ತ ಕಪ್ಪು ಚೂರುಗಳು. ಸೌದೆ ಒಲೆ ಊದಿ ಎದ್ದು ಬಂದವನ ಹಾಗೆ ಕಾಣುತ್ತಿದ್ದೆ. ಗುಜರಿಯಲ್ಲಿ 150 ರೂಪಾಯಿ ಕೊಟ್ಟು ತಂದ ಮಾಲು ಅದು. ಕುಶನ್ನಿನ ರೆಕ್ಸಿನ್ ಉದುರುತ್ತಿತ್ತು. ಬಲಗಡೆಯ ಸದ್ದು ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಇಷ್ಟಕ್ಕೇ ಯಾರೋ ಅದನ್ನು ಎಸೆದಿದ್ದರು. ಒಂದು ಜೊತೆ ಕುಶನ್, ಒಂದು ಜ್ಯಾಕ್ (ಅಂದರೆ ವೈರಿನ ತುದಿಯ ಪಿನ್ನು), ಒಂದು ಭಾನುವಾರದ ಮಧ್ಯಾಹ್ನ ಖರ್ಚಾಯಿತು. ಇವತ್ತಿಗೂ ನಾನು ದಿನಾ ಬಳಸುವುದು ಅದನ್ನೇ.

ಕೆಟ್ಟಿದೆ ಅಂತ ಕೈಗೆ ಬರುವ ಹಳೆ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಹಾಳಾಗಿರುವುದು ಸ್ಪಂಜು, ವೈರು, ಪಿನ್ನು. ಸದ್ದು ಹೊರಡಿಸುವ ಡ್ರೈವರ್ 40 ವರ್ಷ ಕಳೆದರೂ ಗಟ್ಟಿಯಾಗಿರಬಹುದು. ಅದನ್ನು ಹಾಳು ಮಾಡುವುದು ಎಷ್ಟೋ ಸಲ ರಿಪೇರಿಗೆ ಹೊರಟ ನಮ್ಮ ಕೈಯೇ. ಹಾಗಾಗಿ ಕೈ ಹಾಕುವ ಮುಂಚೆ ಕಿವಿ ಕೊಡಿ. ಮುಂದೆ ಹೇಳುವುದೆಲ್ಲ ಈ ಮಾತಿನ ವಿವರ ಅಷ್ಟೇ.

ಯಾವುದನ್ನು ಹುಡುಕಬೇಕು

ಹೆಡ್‌ಫೋನಿನ ಕಥೆಯಲ್ಲಿ ಅಡುಗೆಮನೆಗೂ ಒಂದು ಪಾಲಿದೆ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅಡುಗೆಮನೆಯಲ್ಲಿ ಕೂತು ಮಾಡಿದ ಜೋಡಿಯನ್ನು 1910ರಲ್ಲಿ ಅಲ್ಲಿನ ನೌಕಾಪಡೆಗೆ ಕಳಿಸಿದ. ಜರ್ಮನಿಯ ಬೇಯರ್ ಕಂಪನಿ 1937ರಲ್ಲಿ ಡಿಟಿ 48 ತಂದಿತು. ಇವತ್ತಿನ ಬಹುಪಾಲು ಹೆಡ್‌ಫೋನ್‌ಗಳಂತೆ ತೆಳು ಪೊರೆ, ಸುರುಳಿ, ಅಯಸ್ಕಾಂತ ಸೇರಿ ಕೆಲಸ ಮಾಡುವ ಮೊದಲ ಹೆಡ್‌ಫೋನ್ ಅದು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೊ ಕೇಳಲೆಂದೇ ಎಸ್‌ಪಿ-3 ಮಾಡಿದರು.

ರೇಡಿಯೊ ಕಾಲದ ಬೇಕಲೈಟ್ (ಆಗಿನ ಗಟ್ಟಿ ಪ್ಲಾಸ್ಟಿಕ್) ಹೆಡ್‌ಫೋನ್‌ಗಳು ಕಪಾಟಿನಲ್ಲಿ ಇಟ್ಟರೆ ಬಹಳ ಚೆಂದ. ಕೇಳಲು ಅಷ್ಟಕ್ಕಷ್ಟೆ. ಸಿಕ್ಕರೆ ಒರೆಸಿ ಇಡಿ, ಬಿಚ್ಚಬೇಡಿ. ಬೇಕಲೈಟನ್ನು ಮರಳು ಕಾಗದದಲ್ಲಿ ಉಜ್ಜಲೂ ಬೇಡಿ. ಆ ಕಾಲದ ಕೆಲವು ಬೇಕಲೈಟ್‌ಗಳಲ್ಲಿ ಆಸ್ಬೆಸ್ಟಸ್ ಬೆರೆಸುತ್ತಿದ್ದರು, ಅದರ ಪುಡಿ ಎದೆಗೆ ಇಳಿಯಬಾರದು. ಹಳೆ ವಾಲ್ವ್ ರೇಡಿಯೊಗೆ ಸಿಕ್ಕಿಸಿ ನೋಡೋಣ ಅನ್ನುವ ಆಸೆಯನ್ನೂ ಬಿಟ್ಟುಬಿಡಿ. ಕೆಲವು ಹಳೆ ಸೆಟ್‌ಗಳಲ್ಲಿ ಹೆಚ್ಚಿನ ವೋಲ್ಟೇಜು ಹೆಡ್‌ಫೋನಿನ ವೈರಿನವರೆಗೂ ಬಂದಿರುತ್ತದೆ.

ಹೊಸಬರಿಗೆ ನಾನು ಹೇಳುವುದು 1968ರಿಂದ 1990ರ ದಶಕದವರೆಗಿನ ಮಾಲು. ಯಾಕೆ 1968? ಆ ವರ್ಷ ಸೆನ್‌ಹೈಸರ್ ಎಚ್‌ಡಿ 414 ಬಂತು. ಅಲ್ಲಿಯವರೆಗೆ ಹೆಡ್‌ಫೋನ್ ಅಂದರೆ ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಭಾರದ ಡಬ್ಬಿ. 414 ಹಿಂಬದಿ ತೆರೆದ, ಹಗುರವಾದ, ಹಳದಿ ಸ್ಪಂಜಿನ ಹೆಡ್‌ಫೋನ್. 1 ಕೋಟಿಗೂ ಜಾಸ್ತಿ ಮಾರಾಟವಾಯಿತು, ಹಾಗಾಗಿ ಇವತ್ತಿಗೂ ಕೈಗೆ ಸಿಗುತ್ತದೆ. ವೈರು ಎರಡೂ ಕಡೆ ಕಿತ್ತು ಹಾಕುವಂಥದ್ದು, ರಿಪೇರಿಗೆ ಇದಕ್ಕಿಂತ ಸುಲಭದ್ದು ಕಡಿಮೆ. 1975ರಲ್ಲಿ ವಿಯೆನ್ನಾದ ಎಕೆಜಿ ಕಂಪನಿಯ ಕೆ 240 ಬಂತು. ಮುಖ್ಯ ಡ್ರೈವರಿನ ಸುತ್ತ ಆರು ಸಣ್ಣ ಪೊರೆಗಳಿದ್ದ ಮೊದಲ ಅವತಾರವನ್ನು ಸಂಗ್ರಾಹಕರು ಸೆಕ್ಸ್‌ಟೆಟ್ ಅನ್ನುತ್ತಾರೆ. 1976ರ ಯಮಹಾ ಎಚ್‌ಪಿ-1ರಲ್ಲಿ ಸುರುಳಿಯನ್ನು ಪೊರೆಯ ಮೇಲೆಯೇ ಅಚ್ಚು ಹಾಕಿದ್ದಾರೆ. ಆಕಾರ ಕೊಟ್ಟವರು ಇಟಲಿಯ ಮಾರಿಯೊ ಬೆಲ್ಲಿನಿ. ನೋಡಲಿಕ್ಕೇ ಒಂದು ಖುಷಿ.

1979ರ ಜುಲೈ 1ರಂದು ಸೋನಿ ವಾಕ್‌ಮನ್ ಬಂತು. ಅದರ ಜೊತೆ ಬಂದ ಹೆಡ್‌ಫೋನ್ ತೂಗುತ್ತಿದ್ದುದು ಸುಮಾರು 50 ಗ್ರಾಂ. ಆಗಿನ ದೊಡ್ಡ ಹೆಡ್‌ಫೋನ್‌ಗಳು 300-400 ಗ್ರಾಂ ಇದ್ದವು ಅಂದರೆ ಲೆಕ್ಕ ಹಾಕಿ. 1984ರ ಕಾಸ್ ಪೋರ್ಟಾ ಪ್ರೊ, 1985ರ ಸೋನಿ ಎಂಡಿಆರ್-ವಿ6 ಕಲಿಯುವವರಿಗೆ ಒಳ್ಳೆಯ ಗುರುಗಳು. ಎರಡಕ್ಕೂ ಹೊಂದುವ ಸ್ಪಂಜು, ಕುಶನ್ ಇವತ್ತೂ ಸಿಗುತ್ತದೆ. ನಾನು ಮಾದರಿ ಆರಿಸುವುದು ಇದೊಂದನ್ನು ನೋಡಿಯೇ. ಅಪರೂಪದ್ದು ಬೇಡ, ಸಾಮಾನು ಸಿಗುವಂಥದ್ದು ಬೇಕು.

ಜಪಾನಿನ ಸ್ಟ್ಯಾಕ್ಸ್ ಕಂಪನಿಯದಂಥ ಎಲೆಕ್ಟ್ರೋಸ್ಟಾಟಿಕ್ ಹೆಡ್‌ಫೋನ್, ಅಂದರೆ ಸುರುಳಿಯ ಬದಲು ಹೆಚ್ಚಿನ ವೋಲ್ಟೇಜಿನಿಂದ ಪೊರೆ ಅಲುಗಿಸುವಂಥದ್ದು, ಸಿಕ್ಕಿತು ಅಂತಿಟ್ಟುಕೊಳ್ಳಿ. ಹಳೆಯವು 230 ವೋಲ್ಟ್, ಆಮೇಲಿನವು 580 ವೋಲ್ಟ್ ಬಯಾಸ್ (ಪೊರೆಗೆ ಸದಾ ಕೊಡುವ ವೋಲ್ಟೇಜು) ಮೇಲೆ ನಡೆಯುತ್ತವೆ. ಅದು ಮನೆಯ ಮೇಜಿನ ಮೇಲೆ ಬಿಚ್ಚುವ ವಸ್ತು ಅಲ್ಲ.

ಎಲ್ಲಿ ಸಿಗುತ್ತದೆ

ನಮ್ಮಲ್ಲಿ 1991ಕ್ಕೆ ಮುಂಚೆ ಫಾರಿನ್ ಮಾಲು ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಬಂದದ್ದೆಲ್ಲ ಸೂಟ್‌ಕೇಸಿನಲ್ಲಿ ಬಂತು. ಕರಾವಳಿಯ ಮನೆಗಳಲ್ಲಿ ಗಲ್ಫ್‌ನಿಂದ ತಂದ ಜಪಾನಿ ಟೂ-ಇನ್-ಒನ್ ಇದ್ದರೆ ಅದರ ಅಕ್ಕಪಕ್ಕ ಒಂದು ಹೆಡ್‌ಫೋನ್ ಇರುವ ಸಾಧ್ಯತೆ ಇದೆ. ಹಾಗಾಗಿ ಮೊದಲು ನೆಂಟರ ಮನೆಯ ಅಟ್ಟ. 'ಚಿಕ್ಕಪ್ಪಾ, ನಿಮ್ಮ ಹಳೆ ಟೇಪ್ ರೆಕಾರ್ಡರ್ ಏನಾಯಿತು?' ಅಂತ ಕೇಳಿದರೆ ಕಾಫಿಯ ಜೊತೆ ಅರ್ಧ ಗಂಟೆ ಕಥೆ ಬರುತ್ತದೆ. ಕೊನೆಗೆ ಒಂದು ಡಬ್ಬವೂ ಬರಬಹುದು.

ಬೆಂಗಳೂರಿನವರಿಗೆ ಎಸ್.ಜೆ.ಪಿ. ರಸ್ತೆಯ ಸಂಡೇ ಬಜಾರ್ ಗೊತ್ತೇ ಇದೆ. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಜ್ಯಾಕ್, ಸಾಲ್ಡರ್, ವೈರಿಗೆ ಹಾಕುವ ಹೀಟ್ ಶ್ರಿಂಕ್ ಟ್ಯೂಬ್ ಬೇಕಾದರೆ ಎಸ್.ಪಿ. ರೋಡ್.

ಗುಜರಿಯಲ್ಲಿ ಮಾತು ಹೆಚ್ಚು ಕಡಿಮೆ ಹೀಗೆ ನಡೆಯುತ್ತದೆ.

'ಅಣ್ಣಾ, ಇದು ಕೆಲಸ ಮಾಡುತ್ತಾ?'

'ಫಸ್ಟ್ ಕ್ಲಾಸ್ ಇದೆ ಸಾರ್, ಈಗ್ತಾನೆ ಚೆಕ್ ಮಾಡಿದೆ.'

'ಯಾವುದಕ್ಕೆ ಹಾಕಿ ಚೆಕ್ ಮಾಡಿದ್ರಿ?'

ಆಗ ಅವರೂ ನಗುತ್ತಾರೆ, ನಾವೂ ನಗುತ್ತೇವೆ. ರೇಟು ಸ್ವಲ್ಪ ಇಳಿಯುತ್ತದೆ.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಮಲ್ಟಿಮೀಟರ್ ಇರುತ್ತದೆ. ಹಳೆ ಹೆಡ್‌ಫೋನಿನ ದಪ್ಪ ಪಿನ್ನು 6.35 ಮಿ.ಮೀ. ಟೆಲಿಫೋನ್ ಎಕ್ಸ್‌ಚೇಂಜ್ ಬೋರ್ಡಿನಿಂದ ಬಂದ ಅಳತೆ ಅದು. ಪಿನ್ನಿನ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸ್ಟೀರಿಯೊ. ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ, ಬುಡ ಎರಡಕ್ಕೂ ಸೇರಿದ ಅರ್ತ್. ಮೀಟರನ್ನು ಓಂಗೆ (ಕರೆಂಟಿಗೆ ಇರುವ ತಡೆಯ ಅಳತೆಗೆ) ತಿರುಗಿಸಿ ಒಂದು ಮೊನೆಯನ್ನು ಬುಡಕ್ಕೂ ಇನ್ನೊಂದನ್ನು ತುದಿಗೂ ಮುಟ್ಟಿಸಿ. ಎಡಗಡೆಯ ಕಪ್ ಕಿವಿಯ ಹತ್ತಿರ ಹಿಡಿದಿದ್ದರೆ ಒಳಗೆ 'ಟಿಕ್' ಅನ್ನುತ್ತದೆ. ಉಂಗುರಕ್ಕೆ ಮುಟ್ಟಿಸಿದರೆ ಬಲಗಡೆ 'ಟಿಕ್'. ಕರೆಂಟು, ಫೋನು, ಹಾಡು ಯಾವುದೂ ಬೇಡ. ಎರಡೂ ಕಡೆ ಟಿಕ್ ಅಂದರೆ ಡ್ರೈವರುಗಳು ಬದುಕಿವೆ. ಮಿಕ್ಕಿದ್ದು ಏನೇ ಹಾಳಾಗಿದ್ದರೂ ಚಿಂತೆ ಇಲ್ಲ, ಚೌಕಾಸಿ ಶುರು ಮಾಡಿ.

ಕೆಲವು ಜರ್ಮನ್ ಹೆಡ್‌ಫೋನ್‌ಗಳಿಗೆ ಈ ದಪ್ಪ ಪಿನ್ನಿನ ಬದಲು ಡಿನ್ ಪಿನ್ (ಹಲವು ಸಣ್ಣ ಕಡ್ಡಿಗಳಿರುವ ಜರ್ಮನ್ ಮಾದರಿಯ ಪಿನ್ನು) ಇರುತ್ತದೆ. ನೋಡಿ ಗಾಬರಿಯಾಗಬೇಡಿ, ಕತ್ತರಿಸಲೂ ಬೇಡಿ. ಅಡಾಪ್ಟರ್ ಮಾಡಿಕೊಳ್ಳಬಹುದು.

ಓಂ ಲೆಕ್ಕ

'ನಿಮ್ಮ ಮಾತು ಕೇಳಿ ತಂದೆ, ಸದ್ದೇ ಇಲ್ಲ' ಅಂತ ಫೋನ್ ಮಾಡುವ ಗೆಳೆಯರು ಈ ಲೆಕ್ಕವನ್ನು ಬಿಟ್ಟಿರುತ್ತಾರೆ. ಈಗಿನ ಹೆಡ್‌ಫೋನ್‌ಗಳು ಸುಮಾರು 32 ಓಂ ಇರುತ್ತವೆ. ಹಳೆ ಕೆ 240 ಇರುವುದು 600 ಓಂ. ಮೊದಲ 414 ಅಂತೂ 2000 ಓಂ.

ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಓಂನಿಂದ ಭಾಗಿಸಿದರೆ ಪವರ್ ಸಿಗುತ್ತದೆ. ನಿಮ್ಮ ಫೋನು 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. 32 ಓಂನ ಹೆಡ್‌ಫೋನಿಗೆ ಸಿಗುವುದು ಸುಮಾರು 31 ಮಿಲಿವ್ಯಾಟ್. 600 ಓಂಗೆ 2 ಮಿಲಿವ್ಯಾಟ್ ಕೂಡ ಇಲ್ಲ. 2000 ಓಂಗೆ ಅರ್ಧ ಮಿಲಿವ್ಯಾಟ್. ಹೆಡ್‌ಫೋನಿನದೇನೂ ತಪ್ಪಿಲ್ಲ. ಅದನ್ನು ಮಾಡಿದ್ದೇ ಮನೆಯ ದೊಡ್ಡ ಆಂಪ್ಲಿಫೈಯರಿಗಾಗಿ. ಆಗಿನ ಎಷ್ಟೋ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೆ ಹೋಗುವ ಸಿಗ್ನಲ್ಲನ್ನೇ ಒಂದು ರೆಸಿಸ್ಟರ್ ಮೂಲಕ ಹೆಡ್‌ಫೋನ್ ಸಾಕೆಟ್ಟಿಗೆ ಕೊಡುತ್ತಿದ್ದರು. ವೋಲ್ಟೇಜು ಧಾರಾಳ. ನಿಮ್ಮ ಹತ್ತಿರ ಅಂಥ ಹಳೆ ಆಂಪ್ಲಿಫೈಯರ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಬೇಕಾಗುತ್ತದೆ. ಖರ್ಚು ಬೇಡ ಅಂದರೆ ಪೋರ್ಟಾ ಪ್ರೊದಂಥ 60 ಓಂ ಆಸುಪಾಸಿನವನ್ನು ಹಿಡಿಯಿರಿ, ಫೋನಿಗೇ ಚೆನ್ನಾಗಿ ಹಾಡುತ್ತವೆ.

ಮೊದಲು ಕಾಯಿಲೆ ಗುರುತಿಸಿ

ಮನೆಗೆ ತಂದ ದಿನವೇ ಸ್ಕ್ರೂಡ್ರೈವರ್ ಎತ್ತಬೇಡಿ. ಒಂದು ನೋಟ್ ಪುಸ್ತಕ ತೆಗೆದುಕೊಂಡು ಎಡ, ಬಲ ಎರಡರ ಓಂ ಬರೆದಿಡಿ. ಮೀಟರ್ ತೋರಿಸುವ ಅಂಕಿ ಕಂಪನಿ ಹೇಳಿದ ಓಂಗೆ ಹತ್ತಿರವಿರುತ್ತದೆ, ಸರಿಯಾಗಿ ಅಷ್ಟೇ ಇರಬೇಕಾಗಿಲ್ಲ. ಎಡಬಲ ಒಂದಕ್ಕೊಂದು ಹೊಂದಬೇಕು, ಅದು ಮುಖ್ಯ. 58, 59 ಬಂದರೆ ಸರಿ. 58, 41 ಬಂದರೆ ಒಂದು ಡ್ರೈವರನ್ನು ಯಾರೋ ಬದಲಿಸಿದ್ದಾರೆ ಅಥವಾ ಸುರುಳಿಯಲ್ಲಿ ತೊಂದರೆ ಇದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್, ಅದು ಹೆಚ್ಚಾಗಿ ಜ್ಯಾಕಿನೊಳಗೇ ಇರುತ್ತದೆ. ಏನೂ ತೋರಿಸದಿದ್ದರೆ ಎಲ್ಲೋ ತುಂಡಾಗಿದೆ.

ತುಂಡಾದ ಜಾಗ ಹುಡುಕಲು ಮೀಟರ್ ಕಚ್ಚಿಸಿಟ್ಟು ವೈರನ್ನು ಎರಡು ಬೆರಳಿನಲ್ಲಿ ಇಂಚಿಂಚಾಗಿ ಬಾಗಿಸುತ್ತ ಹೋಗಿ. ಅಂಕಿ ಕುಣಿದರೆ ಅಲ್ಲೇ ನಿಲ್ಲಿ. ವೈರು ಸಾಮಾನ್ಯವಾಗಿ ತುಂಡಾಗುವುದು ಎರಡೇ ಕಡೆ, ಪಿನ್ನಿನ ಕುತ್ತಿಗೆಯಲ್ಲಿ, ಇಲ್ಲವೇ ವೈರು ಕಪ್ಪಿನೊಳಗೆ ನುಗ್ಗುವ ಜಾಗದಲ್ಲಿ. ನಡುವೆ ತುಂಡಾಗಿದ್ದರೆ ಮನೆಯಲ್ಲಿ ಇಲಿ ಅಥವಾ ಕುರ್ಚಿಯ ಕಾಲು ಇತ್ತು ಅಂತ ಅರ್ಥ.

ಇನ್ನೊಂದು ಲಕ್ಷಣ ಹೇಳಿಬಿಡುತ್ತೇನೆ, ಇದು ಅನೇಕರನ್ನು ದಾರಿ ತಪ್ಪಿಸುತ್ತದೆ. ವಾದ್ಯಗಳು ಎಲ್ಲೋ ದೂರದಲ್ಲಿ ಕೇಳುತ್ತವೆ, ಹಾಡುವವರ ದನಿಯೇ ಮಾಯ. ಕರೋಕೆ ಹಾಕಿದ ಹಾಗೆ. ಡ್ರೈವರ್ ಹೋಗಿದೆ ಅಂದುಕೊಳ್ಳಬೇಡಿ. ಎರಡಕ್ಕೂ ಸೇರಿದ ಅರ್ತ್ ವೈರು ಕಿತ್ತುಬಂದಿದೆ ಅಷ್ಟೇ. ಆಗ ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ ಕೇಳಿಸುತ್ತದೆ, ಎರಡೂ ಕಡೆ ಒಂದೇ ಸಮ ಇರುವ ದನಿ ಅಳಿಸಿಹೋಗುತ್ತದೆ. ಒಂದು ಬೆಸುಗೆಯ ಕೆಲಸ.

ಕಪ್ಪಿನ ಮೇಲೇ ವಾಲ್ಯೂಮ್ ತಿರುಗಣೆ ಇರುವ ಮಾದರಿಗಳಲ್ಲಿ ಕರಕರ ಸದ್ದು ಸಾಮಾನ್ಯ. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಆ ಕಡೆ ಈ ಕಡೆ ಒಂದು 30 ಸಲ ತಿರುಗಿಸಿ. ಡ್ರೈವರಿಗೆ ಹನಿ ಹಾರದಂತೆ ನೋಡಿಕೊಳ್ಳಿ.

ಬಿಚ್ಚುವುದು, ತೊಳೆಯುವುದು

ಒಳ್ಳೆಯ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಹತ್ತಿ ಸುತ್ತಿದ ಇಯರ್ ಬಡ್ಸ್, ಹಳೆ ಟೂತ್‌ಬ್ರಷ್, ಐಸೊಪ್ರೊಪೈಲ್ ಆಲ್ಕೊಹಾಲ್, ಕ್ಯಾಮೆರಾ ಲೆನ್ಸ್ ಊದುವ ರಬ್ಬರ್ ಬಲ್ಬ್. ಇದಿಷ್ಟು ಸಾಕು. ಬಿಚ್ಚಿದ ಸ್ಕ್ರೂ ಇಡಲು ನಾನು ಬಳಸುವುದು ಹಳೆ ಒಗ್ಗರಣೆ ಡಬ್ಬಿ. ಏಳು ಬಟ್ಟಲು, ಏಳು ಜಾಗದ ಸ್ಕ್ರೂ. ಸಾಸಿವೆ ಬಟ್ಟಲು ಎಡ ಕಪ್ಪಿಗೆ, ಜೀರಿಗೆಯದು ಬಲಕ್ಕೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಯಾವ ಬಣ್ಣದ ವೈರು ಎಲ್ಲಿತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ.

ಮೊದಲು ಕುಶನ್ ತೆಗೆಯಿರಿ. ಎಷ್ಟೋ ಹೆಡ್‌ಫೋನ್‌ಗಳ ಸ್ಕ್ರೂಗಳು ಅದರ ಕೆಳಗೇ ಅಡಗಿರುತ್ತವೆ. ಅಲ್ಲಿ ಕಾಣುವ ಅವತಾರಕ್ಕೆ ಸಿದ್ಧರಾಗಿರಿ. ಡ್ರೈವರಿನ ಮುಂದೆ ಇರುವ ತೆಳು ಸ್ಪಂಜು ಹಳೆ ಬೆಲ್ಲದ ಹಾಗೆ ಅಂಟಂಟಾಗಿರುತ್ತದೆ, ಇಲ್ಲವೇ ಮುಟ್ಟಿದರೆ ಪುಡಿಯಾಗುತ್ತದೆ. ಪಾಲಿಯುರೆಥೇನ್ ಸ್ಪಂಜಿನ ಹಣೆಬರಹವೇ ಅದು. ಗಾಳಿಯ ತೇವ ಅದನ್ನು ಒಳಗಿಂದ ಒಡೆಯುತ್ತದೆ. ಮಂಗಳೂರು, ಕಾರವಾರದ ಕಡೆಯ ಮಾಲಿನಲ್ಲಿ ಇದು ಇನ್ನೂ ಜಾಸ್ತಿ.

ಈ ಪುಡಿಯನ್ನು ಊದಿ ಓಡಿಸಲು ಹೋದರೆ ಅದು ಡ್ರೈವರಿನ ತೂತುಗಳೊಳಗೆ ಇಳಿಯುತ್ತದೆ. ಕಪ್ಪನ್ನು ಮೇಲೆತ್ತಿ ಬೋರಲಾಗಿ ಹಿಡಿದು ಕೆಳಗಿನಿಂದ ಕೆಲಸ ಮಾಡಿ. ಪುಡಿ ತಾನಾಗಿ ಕೆಳಗೆ ಬೀಳಲಿ. ಉಳಿದದ್ದನ್ನು ಟೇಪಿನ ಚೂರು ಒತ್ತಿ ಎತ್ತಿ. ಅಂಟನ್ನು ಅಲ್ಕೊಹಾಲಿನಲ್ಲಿ ಸ್ವಲ್ಪವೇ ಒದ್ದೆ ಮಾಡಿದ ಬಡ್ಸ್‌ನಿಂದ ಅಂಚಿನಲ್ಲಿ ಮಾತ್ರ ಒರೆಸಿ. ಡ್ರೈವರಿನ ಮೇಲೆ ಒಂದು ಕಾಗದದ ಬಿಲ್ಲೆ ಮುಚ್ಚಿಟ್ಟುಕೊಂಡರೆ ಒಳ್ಳೆಯದು. ವ್ಯಾಕ್ಯೂಮ್ ಕ್ಲೀನರ್ ಹತ್ತಿರಕ್ಕೂ ತರಬೇಡಿ, ಪೊರೆಯನ್ನೇ ಎಳೆದುಬಿಡುತ್ತದೆ.

ಹೊರಗಿನ ಪ್ಲಾಸ್ಟಿಕ್ಕಿಗೆ ಸೋಪಿನ ನೀರಿನ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಬೇಡವೇ ಬೇಡ. ಪ್ಲಾಸ್ಟಿಕ್ ಮೇಣದಂತೆ ಕರಗುತ್ತದೆ. ಅಕ್ಷರ ಬರೆದ ಕಡೆ ಆಲ್ಕೊಹಾಲ್ ಕೂಡ ಬೇಡ, ಕಂಪನಿಯ ಹೆಸರೇ ಒರೆಸಿಕೊಂಡು ಹೋಗಬಹುದು. ಬಟ್ಟೆಯ ಕುಶನ್‌ಗಳನ್ನು ಉಗುರುಬೆಚ್ಚಗಿನ ನೀರು, ಒಂದು ಹನಿ ಶ್ಯಾಂಪೂ ಹಾಕಿ ಅದ್ದಿ, ಹಿಂಡದೆ ಟವೆಲಿನ ನಡುವೆ ಒತ್ತಿ, ನೆರಳಲ್ಲಿ ಒಣಗಿಸಿ.

ವೈರು ಮತ್ತು ಜ್ಯಾಕ್

ಈ ಹವ್ಯಾಸದಲ್ಲಿ ನಿಜವಾಗಿ ಕಲಿಯಬೇಕಾದ ಕೆಲಸ ಇದೊಂದೇ, ನಿಧಾನವಾಗಿ ಹೇಳುತ್ತೇನೆ.

25 ವ್ಯಾಟಿನ ಸಾಲ್ಡರಿಂಗ್ ಐರನ್ ಸಾಕು. ತವರ-ಸೀಸದ 60/40 ಸಾಲ್ಡರ್ ಸುಮಾರು 190 ಡಿಗ್ರಿಗೆ ಕರಗುತ್ತದೆ, ಹೊಸಬರ ಕೈಗೆ ಅದೇ ಸುಲಭ. ಕಿಟಕಿ ತೆಗೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಕೆಟ್ಟ ಪಿನ್ನಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ವೈರು ಕತ್ತರಿಸಿ. ಹೊರ ಚರ್ಮ ಎರಡು ಸೆಂಟಿಮೀಟರ್ ಸುಲಿಯಿರಿ. ಈಗ ನಿಲ್ಲಿ. ಹೊಸ ಜ್ಯಾಕಿನ ಮುಚ್ಚಳವನ್ನು ಮೊದಲು ವೈರಿಗೆ ಪೋಣಿಸಿ. ಮೂರೂ ಬೆಸುಗೆ ಚೆಂದಾಗಿ ಹಾಕಿ ತಲೆ ಎತ್ತಿದರೆ ಮುಚ್ಚಳ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿರುವುದು ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ.

ಒಳಗಿನ ಎಳೆಗಳು ಕೆಂಪು, ಹಸಿರು ಅಥವಾ ನೀಲಿ, ತಾಮ್ರದ ಬಣ್ಣ ಹೀಗೆ ಇರುತ್ತವೆ. ಕೆಂಪು ಬಲಕ್ಕೆ, ತಾಮ್ರ ಅರ್ತ್‌ಗೆ ಅನ್ನುವುದು ರೂಢಿ. ರೂಢಿಯನ್ನು ನಂಬದೆ ಮೀಟರ್ ಹಿಡಿದು ನೋಡಿ. ಆ ಬಣ್ಣ ಸುಮ್ನೆ ಅಂದಕ್ಕೆ ಹಾಕಿದ್ದಲ್ಲ. ಮೋಟಾರ್ ವೈಂಡಿಂಗ್ ವೈರಿಗೆ ಇರುವಂಥ ಎನಾಮಲ್ ಲೇಪ ಅದು. ಕರೆಂಟು ಹರಿಯಲು ಬಿಡುವುದಿಲ್ಲ, ಸಾಲ್ಡರನ್ನೂ ಹಿಡಿಸುವುದಿಲ್ಲ. 'ಬೆಸುಗೆ ಹಾಕಿದೆ, ಆದರೂ ಸದ್ದಿಲ್ಲ' ಅನ್ನುವವರ ತೊಂದರೆ ಇಲ್ಲೇ ಇರುತ್ತದೆ. ಐರನ್ನಿನ ತುದಿಯಲ್ಲಿ ಸಾಲ್ಡರಿನ ಒಂದು ದೊಡ್ಡ ಹನಿ ಮಾಡಿಕೊಂಡು ಎಳೆಯ ತುದಿಯನ್ನು ಅದರೊಳಗೆ ಮೂರು ನಾಲ್ಕು ಸೆಕೆಂಡ್ ಅದ್ದಿ. ಸಣ್ಣಗೆ ಹೊಗೆ ಬರುತ್ತದೆ, ಲೇಪ ಸುಟ್ಟು ತುದಿ ಬೆಳ್ಳಿಯಂತೆ ಹೊಳೆಯುತ್ತದೆ. ಹೊಳೆಯದಿದ್ದರೆ ಇನ್ನೊಂದು ಸಲ ಅದ್ದಿ.

ಕೆಲವು ಹಳೆ ವೈರುಗಳನ್ನು ಸುಲಿದರೆ ಒಳಗೆ ದಾರ, ಅದರ ಸುತ್ತ ತಾಮ್ರದ ತೆಳು ಪಟ್ಟಿ. ಸೀರೆಯ ಜರಿ ಇರುತ್ತದಲ್ಲ, ಅದೇ ಕಟ್ಟು. ಬಾಗಿದರೆ ಮುರಿಯದು, ಬೆಸುಗೆಗೆ ಮಾತ್ರ ಬಲು ಹಟಮಾರಿ. ಬೇರೆ ವೈರಿನಿಂದ ಒಂದು ಸಣ್ಣ ತಾಮ್ರದ ಎಳೆ ಬಿಡಿಸಿಕೊಂಡು ಅದರ ಮೇಲೆ ಹತ್ತು ಸುತ್ತು ಬಿಗಿಯಾಗಿ ಸುತ್ತಿ. ಆಮೇಲೆ ಆ ಸುತ್ತಿನ ಮೇಲೆ ಬೇಗ ಸಾಲ್ಡರ್ ಹಿಡಿಸಿ ಬಿಡಿ. ತಡ ಮಾಡಿದರೆ ಒಳಗಿನ ದಾರ ಸುಡುತ್ತದೆ.

ಜ್ಯಾಕಿನ ಕಡೆಗೂ ಮೊದಲೇ ಸ್ವಲ್ಪ ಸಾಲ್ಡರ್ ಹಿಡಿಸಿಟ್ಟುಕೊಳ್ಳಿ. ಹೊಸ ಜ್ಯಾಕನ್ನು ಒಂದು ಹಳೆ ಸಾಕೆಟ್ಟಿಗೆ ಸಿಕ್ಕಿಸಿ ಕೆಲಸ ಮಾಡಿದರೆ ಅದು ಅಲುಗುವುದಿಲ್ಲ, ಒಳಗಿನ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ನು ಸೊಟ್ಟಗಾಗುವುದಿಲ್ಲ. ಅರ್ತ್ ಮೊದಲು, ಆಮೇಲೆ ತುದಿ, ಆಮೇಲೆ ಉಂಗುರ. ಒಂದೊಂದಕ್ಕೂ ಎರಡು ಮೂರು ಸೆಕೆಂಡ್. ಮುಚ್ಚಳ ಹಾಕುವ ಮುಂಚೆ ಮೀಟರ್ ಹಿಡಿದು, ಪುಸ್ತಕದಲ್ಲಿ ಬರೆದ ಓಂ ಈಗಲೂ ಬರುತ್ತದೆಯೇ ನೋಡಿ. ವೈರು ಎಳೆದರೆ ಭಾರ ಬೆಸುಗೆಯ ಮೇಲೆ ಬೀಳಬಾರದು. ಜ್ಯಾಕಿನ ಹಿಡಿ ವೈರಿನ ಹೊರ ಚರ್ಮವನ್ನು ಕಚ್ಚಿ ಹಿಡಿದಿರಬೇಕು.

ಕಪ್ಪಿನೊಳಗೆ ಡ್ರೈವರಿನ ಕಡೆ ಬೆಸುಗೆ ಹಾಕುವಾಗ ಇನ್ನೂ ಅವಸರ ಬೇಕು. ಅಲ್ಲಿನ ತಗಡಿನ ಕಾಲುಗಳು ಪ್ಲಾಸ್ಟಿಕ್ಕಿನಲ್ಲಿ ಕೂತಿರುತ್ತವೆ, ಸುರುಳಿಯಿಂದ ಬರುವ ಎಳೆ ಕೂದಲಿಗಿಂತ ಸಣ್ಣ. ಅದನ್ನು ಮುಟ್ಟದೆ, ಹೊರಗಿನ ವೈರನ್ನು ಮಾತ್ರ ಬಿಡಿಸಿ, ಹಾಕಿ.

ಕುಶನ್

ಅಳತೆ ಮೂರು: ಹೊರ ಅಗಲ, ಒಳ ಅಗಲ, ದಪ್ಪ. ನಿಮ್ಮ ಮಾದರಿಯ ಹೆಸರಿನಲ್ಲೇ ಸಿಕ್ಕರೆ ಅದೇ ತನ್ನಿ. ಹಾಕುವಾಗ ಅಂಚಿನ ತೆಳು ರೆಕ್ಸಿನ್ ಪಟ್ಟಿಯನ್ನು ಕಪ್ಪಿನ ಸಂದಿಗೆ ಒಂದು ಕಡೆ ಸಿಕ್ಕಿಸಿ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸುತ್ತ ಎಳೆಯುತ್ತ ಬನ್ನಿ. ಬಿಗಿಯಾದ ದಿಂಬಿಗೆ ಕವರ್ ಹಾಕುವ ಹಾಗೆ. ಕೊನೆಯ ಎರಡು ಇಂಚು ಸತಾಯಿಸುತ್ತದೆ. ಅಲ್ಲಿ ಹಳೆ ಎಟಿಎಂ ಕಾರ್ಡಿನ ಮೂಲೆಯಿಂದ ತಳ್ಳಿ. ಉಗುರು ಹಾಕಿದರೆ ಹೊಸ ರೆಕ್ಸಿನ್ ಹರಿಯುತ್ತದೆ.

ಕುಶನ್ ಬರೀ ಮೆತ್ತೆ ಅಲ್ಲ. ಅದು ಬದಲಾದರೆ ಕಿವಿಗೂ ಡ್ರೈವರಿಗೂ ಇರುವ ದೂರ ಬದಲಾಗುತ್ತದೆ, ಗಾಳಿ ಸೋರುವ ಪ್ರಮಾಣ ಬದಲಾಗುತ್ತದೆ, ಸದ್ದೂ ಬದಲಾಗುತ್ತದೆ. ಮುಚ್ಚಿದ ಹೆಡ್‌ಫೋನಿಗೆ ರೆಕ್ಸಿನ್ ತೆಗೆದು ವೆಲ್ವೆಟ್ ಬಟ್ಟೆಯದು ಹಾಕಿದರೆ ಬೇಸ್ ಇಳಿಯುವುದೇ ಹೆಚ್ಚು. ಬೆವರಿನ ಕಾಲಕ್ಕೆ ಅದು ಹಿತ ಅನ್ನುವುದು ನಿಜ. ನಾನು ರೆಕ್ಸಿನ್ನನ್ನೇ ಇಟ್ಟು, ಹಳೆ ಪಂಚೆಯ ತೆಳು ಬಟ್ಟೆಗೆ ಇಲಾಸ್ಟಿಕ್ ಹಾಕಿ ಹೊಲಿಸಿಕೊಂಡ ಗವಸು ಹಾಕುತ್ತೇನೆ. ನೋಡಲು ಅಜ್ಜಿಯ ಟೊಪ್ಪಿಗೆ, ಆದರೆ ವಾರಕ್ಕೊಮ್ಮೆ ಒಗೆಯಬಹುದು.

ಡ್ರೈವರಿನ ಮುಂದಿದ್ದ ತೆಳು ಸ್ಪಂಜಿನ ಬಿಲ್ಲೆಯನ್ನು ಮರೆಯಬೇಡಿ. ಅದೇ ದಪ್ಪದ ಹೊಸದನ್ನು ಕತ್ತರಿಸಿ ಹಾಕಿ. ಧೂಳು, ಕೂದಲು ತಡೆಯುವುದು ಅದೇ.

ಡ್ರೈವರಿಗೆ ಕೈ ಹಾಕುವ ಮುಂಚೆ

ಕೆಲವು ಸ್ವರಗಳಿಗೆ ಮಾತ್ರ ಝರ್ ಅನ್ನುವ ಸದ್ದು ಬಂದರೆ ಹೆಚ್ಚಿನ ಸಲ ಕಾರಣ ಒಂದು ಕೂದಲು. ಪೊರೆಗೆ ತಾಗಿಕೊಂಡು ನಡುಗುತ್ತಿರುತ್ತದೆ. ರಬ್ಬರ್ ಬಲ್ಬಿನಿಂದ ಓರೆಯಾಗಿ, ಮೆತ್ತಗೆ ಊದಿ. ಹೋಗದಿದ್ದರೆ ಚಿಮುಟ.

ಈ ಚಿಮುಟದ ವಿಷಯದಲ್ಲಿ ನಾನು ಒಂದು ಪಾಠಕ್ಕೆ ಫೀಸು ಕಟ್ಟಿದ್ದೇನೆ. ಹುಬ್ಬು ಕೀಳುವ ಮಾಮೂಲಿ ಸ್ಟೀಲ್ ಚಿಮುಟ ಹಿಡಿದು ಉಸಿರು ಬಿಗಿಹಿಡಿದು ಇಳಿಸುತ್ತಿದ್ದೆ. ಕೂದಲಿಗೆ ಇನ್ನೊಂದು ಅಕ್ಕಿ ಕಾಳಿನಷ್ಟು ದೂರ ಇತ್ತು. ಒಳಗಿನ ಅಯಸ್ಕಾಂತ ಚಿಮುಟವನ್ನು ಟಕ್ ಅಂತ ಎಳೆದುಕೊಂಡಿತು. ಮೊನೆ ಪೊರೆಯನ್ನು ತೂರಿ ಆಚೆ ನಿಂತಿತು. 30 ವರ್ಷ ಬಾಳಿದ ಡ್ರೈವರ್ ಒಂದು ಸೆಕೆಂಡಿನಲ್ಲಿ ಹೋಯಿತು. ಅವತ್ತಿನಿಂದ ಪ್ಲಾಸ್ಟಿಕ್ ಚಿಮುಟ. ಇದೇ ಕಾರಣಕ್ಕೆ ತುಕ್ಕು ಉಜ್ಜುವ ಸ್ಟೀಲ್ ಉಲ್ಲನ್ನೂ ಹೆಡ್‌ಫೋನ್ ಇರುವ ಕೋಣೆಯಲ್ಲಿ ಬಳಸಬೇಡಿ. ಅದರ ಕಣ್ಣಿಗೆ ಕಾಣದ ಚೂರುಗಳೆಲ್ಲ ಅಯಸ್ಕಾಂತಕ್ಕೆ ಹೋಗಿ ಅಂಟುತ್ತವೆ.

ಪೊರೆಯಲ್ಲಿ ಸಣ್ಣ ತಗ್ಗು ಕಂಡರೆ ಸದ್ದು ಕೇಳಿ ನೋಡಿ. ಸದ್ದು ಸರಿ ಇದ್ದರೆ ಬಿಟ್ಟುಬಿಡಿ. ಸುರುಳಿಯೇ ತುಂಡಾಗಿದ್ದರೆ ಅದೇ ಮಾದರಿಯ ಇನ್ನೊಂದು ಕೆಟ್ಟ ಹೆಡ್‌ಫೋನ್ ಹುಡುಕಿ, ಎರಡರಿಂದ ಒಂದು ಮಾಡಿ. ಹಾಗಾಗಿ ಗುಜರಿಯಲ್ಲಿ ಒಂದೇ ಕಡೆ ಟಿಕ್ ಅನ್ನುವುದನ್ನೂ ಕಡಿಮೆ ರೇಟಿಗೆ ಸಿಕ್ಕರೆ ನಾನು ಬಿಡುವುದಿಲ್ಲ.

ತಲೆಪಟ್ಟಿಯದು ಸುಲಭ. ರೆಕ್ಸಿನ್ ಉದುರಿದ್ದರೆ ಪೂರ್ತಿ ತೆಗೆದು, ಬೀದಿ ಮೂಲೆಯಲ್ಲಿ ಚಪ್ಪಲಿ, ಬ್ಯಾಗು ಹೊಲಿಯುವವರ ಹತ್ತಿರ ಹೊಸದು ಹೊಲಿಸಿ. ಅವರ ಹೊಲಿಗೆ ಕಂಪನಿಯದ್ದಕ್ಕಿಂತ ಗಟ್ಟಿ. ಕೆ 240ರಂಥವುಗಳಲ್ಲಿ ತಲೆಪಟ್ಟಿಯನ್ನು ಎಳೆದು ಹಿಡಿಯುವ ಇಲಾಸ್ಟಿಕ್ ಸಡಿಲವಾಗಿರುತ್ತದೆ, ಟೈಲರಿಂಗ್ ಸಾಮಾನಿನ ಅಂಗಡಿಯ ಇಲಾಸ್ಟಿಕ್ ದಾರ ಸಾಕು. ಬಿರುಕು ಬಿಟ್ಟ ಪ್ಲಾಸ್ಟಿಕ್ಕಿಗೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಹಾಕಿ ಒಂದು ದಿನ ಬಿಡಿ. ತಕ್ಷಣ ಹಿಡಿಯುವ ಅಂಟಿನ ಆವಿ ಸುತ್ತಲಿನ ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಕೂರಿಸುತ್ತದೆ.

ಕೇಳಿ ನೋಡುವುದು

ಎಲ್ಲ ಜೋಡಿಸಿದ ಮೇಲೆ ವಾಲ್ಯೂಮ್ ಪೂರ್ತಿ ಇಳಿಸಿ ಶುರು ಮಾಡಿ. ಮೊದಲು ಬರೀ ತಂಬೂರಿಯ ಶ್ರುತಿ, ಎರಡು ನಿಮಿಷ. ನಿಂತ ನಾದದಲ್ಲಿ ಸಣ್ಣ ಕರಕರವೂ ಅಡಗಿ ಕೂರಲಾರದು. ವೈರನ್ನು ಮೆಲ್ಲಗೆ ಅಲುಗಿಸಿ, ಶ್ರುತಿ ಎಲ್ಲೂ ಕಡಿಯಬಾರದು. ಆಮೇಲೆ ಮೃದಂಗದ ತನಿ. ಎಡದ ತೊಪ್ಪಿಯ ಗುಂಕಿ ತುಂಬಿಕೊಂಡು ಬಂದರೆ ಕುಶನ್ ಸರಿಯಾಗಿ ಕೂತಿದೆ. ಬರದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಕನ್ನಡಕದ ಕಾಲಿನಿಂದಲೂ ಹೀಗಾಗುತ್ತದೆ.

ಕೊನೆಗೆ 60ರ ದಶಕದ ಒಂದು ಕನ್ನಡ ಚಿತ್ರಗೀತೆ. ಆ ಕಾಲದ ಹಾಡುಗಳು ಬಹುಪಾಲು ಮೋನೊ, ಎಡಬಲ ಒಂದೇ. ಹಾಡುವವರ ದನಿ ಸರಿಯಾಗಿ ಹುಬ್ಬುಗಳ ನಡುವೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಆ ಕಡೆ ಸದ್ದು ಜಾಸ್ತಿ ಇದೆ, ಇನ್ನೊಂದು ಕಡೆಯ ಸ್ಪಂಜು, ತೂತುಗಳನ್ನು ನೋಡಿ. ದನಿ ಎಲ್ಲೂ ನಿಲ್ಲದೆ ತಲೆಯ ಹಿಂದೆ ಹರಡಿಕೊಂಡು, ಬೇಸೂ ಮಾಯವಾದರೆ ಒಂದು ಡ್ರೈವರಿನ ಎರಡು ವೈರು ಅದಲು ಬದಲಾಗಿದೆ. ಬಿಚ್ಚಿ ತಿರುಗಿಸಿ ಹಾಕಿ. ನನಗೆ ಇದು ಇನ್ನೂ ಆಗುತ್ತಿರುತ್ತದೆ.

ಇಡುವುದು

ಮಳೆಗಾಲವೇ ನಮ್ಮ ಶತ್ರು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ರೆಕ್ಸಿನ್ ಅದಕ್ಕೇ ಅಂಟಿಕೊಳ್ಳುತ್ತದೆ. ಹತ್ತಿ ಚೀಲದಲ್ಲಿ ಹಾಕಿ, ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಶೂ ಡಬ್ಬದಲ್ಲಿ ಬರುವ ಪೊಟ್ಟಣಗಳನ್ನು ನಾನು ಎಸೆಯುವುದೇ ಇಲ್ಲ. ವೈರನ್ನು ಕಪ್ಪಿನ ಸುತ್ತ ಬಿಗಿದು ಸುತ್ತಬೇಡಿ, ದೊಡ್ಡ ಸುತ್ತಾಗಿ ಸಡಿಲ ಬಿಡಿ. ಬಿಸಿಲಿಗಂತೂ ಬೇಡ. ತಿಂಗಳಿಗೊಮ್ಮೆ ಹೊರಗೆ ತೆಗೆದು ಒಂದು ಗಂಟೆ ಕೇಳಿ.

ತೆಗೆದ ಹಳೆ ಸಾಮಾನು, ಮುರಿದ ಪಿನ್ನು ಕೂಡ, ಒಂದು ಲಕೋಟೆಗೆ ಹಾಕಿ ಜೊತೆಗಿಡಿ. ಮುಂದೆ ಅದನ್ನು ಬಿಚ್ಚುವವರಿಗೆ ಏನಿತ್ತು, ಏನು ಬದಲಾಯಿತು ಅನ್ನುವುದು ಗೊತ್ತಾಗಬೇಕಲ್ವಾ? ನನ್ನ ಪುಸ್ತಕದಲ್ಲಿ ಆ 150 ರೂಪಾಯಿಯದರ ಹಾಳೆಯ ಮೇಲೆ ಇಷ್ಟು ಬರೆದಿದೆ: 'ಎಡ 58, ಬಲ 59. ಜ್ಯಾಕ್ ಹೊಸದು. ಕುಶನ್ ಹೊಸದು, ಎರಡನೇ ಸಲ. ಬಲ ಕಪ್ಪಿನ ಒಂದು ಸ್ಕ್ರೂ ಬೇರೆ ಹೆಡ್‌ಫೋನಿನದು. ಅದರ ಸ್ಕ್ರೂ ಜೀರಿಗೆ ಬಟ್ಟಲಿನಿಂದ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.'